ಫ್ರೆಂಡಿನ ಬೈಕು

ಕೊಲ್ಲೂರಿಗೆ ಹೋಗುತ್ತೇವೆ ಅಂದವರ ಬೈಕು ಮರವಂತೆಯ ಮರಳಲ್ಲಿ ಯಾಕಿರಬೇಕು?

ಸೂರನ ತಲೆಗೆ ಈ ಪ್ರಶ್ನೆ ಹೊಕ್ಕದ್ದು ರಾಜೀವನ ಫೋನು ಬಂದಾಗ. ರಾಜೀವ ಮರವಂತೆಯಲ್ಲಿ ಹೆದ್ದಾರಿ ಬದಿ ಎಳನೀರಿನ ಬೊಂಡ ಮಾರುವವ. ಹೋಗುವ ಬರುವ ಗಾಡಿಗಳ ಜಾತಕವೆಲ್ಲ ಅವನ ಬಾಯಲ್ಲಿ.

“ಹ್ವಾಯ್ ಸೂರ, ನಿನ್ ಬೈಕ್ ಇವತ್ತ್ ನೀನಿಲ್ದೇ ಮೀನ್ ಹಿಡುಕ್ ಹೊರ್ಟಿತಾ ಎಂತ?” ಅಂದ.

“ಎಂತ ಅಂದ್ರೆ?”

“ಎಂತ ಇಲ್ಲ ಮಾರಾಯ. ಇಬ್ರ್ ಬಿಳಿ ಜನ ಅದನ್ನ್ ನೀರಿನ್ ಬಾಯಿಗ್ ತಕಂಡ್ ಹೋಯಿ ಫೋಟೋ ತೆಗಿತ್ರ್. ಚಕ್ರಕ್ಕೆ ತೆರೆ ಬಡಿತಾ ಇತ್ತ್. ನೀ ಮಾರ್ದ್ಯಾ ಅದನ್ನ್?”

ಸೂರ ಫೋನು ಕಟ್ ಮಾಡಿದ. ಉಪ್ಪುನೀರು ಕುಡಿದ ಚೈನು ಎಂಥದಾಗುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಂಟನೇ ಕ್ಲಾಸಿನಲ್ಲಿ ಮಾಸ್ಟ್ರ ಮೇಲೆ ಸಿಟ್ಟು ಮಾಡಿ ಚೀಲ ಬಿಸಾಡಿ ಬಂದವ ಅವನು. ಆಮೇಲೆ ಕೆಲಸ ಅಂತ ಕಲಿತದ್ದು ಒಂದೇ: ಗಂಗೊಳ್ಳಿ ಬಂದರಿನಲ್ಲಿ ಮೀನು ಎತ್ತಿ, ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿ, ಸಿದ್ದಾಪುರದ ಕಡೆಯ ಗುಡ್ಡದ ಮನೆಮನೆಗೆ ಹಾರ್ನ್ ಹೊಡೆಯುತ್ತಾ ಮಾರುವುದು. ಬೈಕು ಇದ್ದರೆ ಸೂರ. ಬೈಕು ಇಲ್ಲದಿದ್ದರೆ ಅವನು ಬಸ್‌ಸ್ಟ್ಯಾಂಡಿನಲ್ಲಿ ಕೂತ ಇನ್ನೊಬ್ಬ ಪೋಲಿ.

ಆ ಬದುಕು ಹೇಗಿರುತ್ತದೆ ಅಂತ ಅವನು ಒಮ್ಮೆ ಕಂಡಿದ್ದ. ಎರಡು ಮಳೆಗಾಲದ ಹಿಂದೆ ಬೈಕಿನಲ್ಲಿ ಮೂರು ಜನ ಕೂತಿದ್ದಾರೆ, ಕಾಗದ ಸರಿಯಿಲ್ಲ ಅಂತ ಪೊಲೀಸರು ಬೈಕು ಹಿಡಿದು ಠಾಣೆಯ ಅಂಗಳದಲ್ಲಿ ನಿಲ್ಲಿಸಿದ್ದರು. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಸೀಟಿನೊಳಗೆ ಇಲಿ ಮರಿ ಹಾಕಿತ್ತು, ಟ್ಯಾಂಕಿನ ತಳ ತುಕ್ಕು ಹಿಡಿದು ಪೆಟ್ರೋಲು ಬೆವರುತ್ತಿತ್ತು. ಅಷ್ಟು ದಿನ ಮೀನಿನ ಪೆಟ್ಟಿಗೆ ಹೊತ್ತು ಬಸ್ಸಿಗೆ ಹತ್ತಲು ಹೋದರೆ ಕಂಡಕ್ಟರುಗಳು ಮೂಗು ಮುಚ್ಚಿ ರೈಟ್ ಹೇಳುತ್ತಿದ್ದರು. ಇನ್ನೊಮ್ಮೆ ಬೈಕು ಆ ಅಂಗಳ ಸೇರಿದರೆ ತಾನೂ ಅದರ ಜೊತೆ ತುಕ್ಕು ಹಿಡಿಯುವುದೇ ಸೈ ಅಂತ ಅವನಿಗೆ ಗೊತ್ತಿತ್ತು.

ಗೊತ್ತಿದ್ದೂ ಅವತ್ತು ಬೆಳಿಗ್ಗೆ ಬೈಕು ಬಾಡಿಗೆಗೆ ಕೊಟ್ಟ. ಗಾಳಿ ಜೋರಿದೆ ಅಂತ ಬೋಟುಗಳು ಕಡಲಿಗೆ ಇಳಿದಿರಲಿಲ್ಲ, ಬೈಕು ಅಂಗಳದಲ್ಲಿ ಸುಮ್ಮನೆ ನಿಂತಿತ್ತು. ಕಡಲ ಬದಿ ಹೋಂಸ್ಟೇ ಇಟ್ಟ ರತ್ನಾಕರ ಬಂದು, ತನ್ನಲ್ಲಿ ಉಳಿದ ಇಬ್ಬರು ಫಾರಿನ್ನವರಿಗೆ ಬೈಕು ಬೇಕು ಅಂತ ಹಲ್ಲು ಕಿರಿದ. ಅವನ ಬಾಡಿಗೆ ಬೈಕುಗಳಿಗೆ ಪರ್ಮಿಟ್ಟು ಇತ್ತು, ಕಪ್ಪು ನಂಬರ್ ಬೋರ್ಡು ಇತ್ತು. ಅವನ್ನು ಬೇರೆ ಯಾರೋ ಒಯ್ದಿದ್ದರು. ಸೂರನದು ಬಿಳಿ ಬೋರ್ಡು. ಸ್ವಂತಕ್ಕೆ ಮಾತ್ರ, ಬಾಡಿಗೆಗೆ ಕೊಟ್ಟರೆ ಕೇಸು, ಗಾಡಿ ಸೀದಾ ಠಾಣೆಗೆ.

“ಒಂದ್ ದಿನಕ್ ಯಾರ್ ಕೇಂತ್ರ್? ಕೇಂಡ್ರೆ ಫ್ರೆಂಡಿನ್ ಬೈಕ್ ಅಂದ್ರೆ ಮುಗೀತ್. ಊರೆಲ್ಲ ಹಾಂಗೇ ಅಲ್ದಾ ನಡುದ್?” ಅಂದಿದ್ದ ರತ್ನಾಕರ.

ಊರೆಲ್ಲ ಹಾಗೇ ನಡೆಯುವುದು ಸುಳ್ಳಲ್ಲ. ಸೂರ ಮೀನಿನ ಪೆಟ್ಟಿಗೆಯ ಕಬ್ಬಿಣ ಬಿಚ್ಚಿ, ಸೋಪು ಹಾಕಿ ತಿಕ್ಕಿ, ಮನೆಯಲ್ಲಿದ್ದ ಎರಡೂ ಹೆಲ್ಮೆಟ್ಟು ಕೊಟ್ಟು ಕಳಿಸಿದ. ಗಂಡಸು ಅಡಿಕೆ ಮರದಷ್ಟು ಉದ್ದ, ಹೆಂಗಸಿನ ಮೂಗು ಬಿಸಿಲಿಗೆ ಸುಟ್ಟು ಸಿಪ್ಪೆ ಏಳುತ್ತಿತ್ತು. ಸೂರ ತನಗೆ ಬರುವ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ ಕಾನೂನು ಹೇಳಿದ್ದ. ಹೆಲ್ಮೆಟ್ಟು ತೆಗೆಯಬಾರದು. ಮರಳಿಗೆ ಇಳಿಸಬಾರದು. ಮೂರನೆಯವರನ್ನು ಹತ್ತಿಸಬಾರದು. ಕೊಲ್ಲೂರಿಗೆ ಹೋಗಿ ಸೀದಾ ಬರಬೇಕು. ಎಲ್ಲದಕ್ಕೂ ಅವರು ಎಸ್ ಎಸ್ ಅಂದಿದ್ದರು. ಅಷ್ಟು ಬೇಗ ಎಸ್ ಅನ್ನುವವರನ್ನು ನಂಬಬಾರದು ಅಂತ ಆಗಲೇ ಹೊಳೆಯಬೇಕಿತ್ತು.

ಈಗ ಅವನು ಅಕ್ಕ ಗೋಮತಿಯ ಸ್ಕೂಟರಿನ ಕೀ ಕೇಳಿದ. ಗೋಮತಿ ಹೊಲಿಗೆ ಮಿಷನ್ನಿನಿಂದ ತಲೆ ಎತ್ತಲಿಲ್ಲ.

“ಎಲ್ಲಿಗ್ ಹೋತೆ?”

“ಬೈಕ್ ತಕಂಡ್ ಬಪ್ಪುಕೆ. ಅವ್ರ್ ಕೊಲ್ಲೂರಿಗ್ ಹೋಯ್ಲಿಲ್ಲ. ತೆಂಕ್ ಮುಖ ಮಾಡ್ ಹೋಯ್ದ್ರ್. ಮಂಗ್ಳೂರಂಗ್ ಮಾರುಕೋ ಎಂತೋ.”

“ನಿನ್ನ ಮೀನ್ ವಾಸನಿ ಬೈಕ್ ಯಾರ್ ತಕಂತ್ರ್? ದುಡ್ಡ್ ಕೊಟ್ಟ್ರೂ ಬೇಡ.” ಕೀ ಎಸೆದಳು. “ಹೆಲ್ಮೆಟ್ ಎಲ್ಲಿತ್?”

“ಅವ್ರ್ ತಲಿಯಂಗ್ ಇತ್ತ್.”

“ಚಂದ ಆಯ್ತ್” ಅಂದಳು ಗೋಮತಿ.

ಮನೆಯಿದ್ದ ಉಪ್ಪುಂದ ದಾಟಿ ಹೆದ್ದಾರಿ ಹಿಡಿದು ಸ್ವಲ್ಪ ದೂರ ಹೋಗಿದ್ದನೋ ಇಲ್ಲವೋ, ಎದುರಿನಿಂದ ಬಂದ ಬೈಕಿನವನೊಬ್ಬ ಹಣೆಗೆ ಕೈ ಅಡ್ಡ ಹಿಡಿದು ತೋರಿಸಿದ. ಆ ರಸ್ತೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಗೊತ್ತಿದ್ದ ಸನ್ನೆ ಅದು: ಹಣೆ ಮೇಲೆ ಅಡ್ಡ ಕೈ ಅಂದರೆ ಪೊಲೀಸು ಟೊಪ್ಪಿ, ಮುಂದೆ ಚೆಕಿಂಗ್ ಉಂಟು ಅಂತ. ಜಾತಿ ಪಕ್ಷ ಒಂದನ್ನೂ ನೋಡದೆ ಒಬ್ಬರಿಗೊಬ್ಬರು ಮಾಡುವ ಉಪಕಾರ ಅಂತ ಈ ಊರಲ್ಲಿ ಉಳಿದದ್ದು ಅದೊಂದೇ. ಸೂರ ಥಟ್ಟನೆ ಎಡಕ್ಕೆ ತಿರುಗಿಸಿ, ಗದ್ದೆಯ ನಡುವಿನ ಮಣ್ಣು ದಾರಿಯಲ್ಲಿ ಕುಣಿಯುತ್ತಾ ಸುತ್ತು ಹೊಡೆದು, ನಾವುಂದದ ಹತ್ತಿರ ಮತ್ತೆ ಹೆದ್ದಾರಿಗೆ ಬಂದ. ಹಿಂದೆ ತಿರುಗಿ ನೋಡಿದರೆ ರಸ್ತೆ ಖಾಲಿ. ಒಂದು ಟೊಪ್ಪಿಯೂ ಇರಲಿಲ್ಲ.

ಎದ್ದು ಹೋಗಿರಬೇಕು ಅಂದುಕೊಂಡ. ಅಷ್ಟರಲ್ಲಿ ಇನ್ನೊಬ್ಬ ಹಣೆಗೆ ಕೈ ಇಟ್ಟ. ಅವನ ಹಿಂದೆ ಗ್ಯಾಸ್ ಸಿಲಿಂಡರು ಕಟ್ಟಿಕೊಂಡ ಮುದುಕ, ಅವನೂ ಇಟ್ಟ. ಸೂರ ಮತ್ತೆ ಒಳದಾರಿ ಹಿಡಿದ. ಹೀಗೆ ಮರವಂತೆ ಮುಟ್ಟುವಷ್ಟರಲ್ಲಿ ಅವನ ಬೆನ್ನು ಮೂಳೆ ಒಂದೊಂದಾಗಿ ಸಡಿಲಾಗಿತ್ತು, ಒಬ್ಬ ಪೊಲೀಸಿನವನೂ ಕಂಡಿರಲಿಲ್ಲ.

ಇಡೀ ರಸ್ತೆಗೆ ಪೊಲೀಸು ಯಾಕೆ ಇಳಿದಿದ್ದಾರೆ? ಯಾರನ್ನು ಹುಡುಕುತ್ತಿದ್ದಾರೆ? ಪ್ರಶ್ನೆ ಎದ್ದ ಕೂಡಲೇ ಉತ್ತರವೂ ಅದರ ಹಿಂದೆಯೇ ಬಂದು ಕೂತಿತು. ಆ ಉದ್ದದವನ ಚೀಲ. ಬೈಕಿಗೆ ಹತ್ತುವಾಗ ಅದನ್ನು ಎದೆಗೆ ಒತ್ತಿ ಹಿಡಿದಿದ್ದ. ಒಳಗೆ ಎಂತ ಇತ್ತು? ಗಾಂಜಾವೋ ಇನ್ನೊಂದೋ? ಇದ್ದರೆ ಕೇಸು ಯಾರ ಮೇಲೆ ಬೀಳುತ್ತದೆ? ಬಿಳಿ ಚರ್ಮದವರನ್ನು ಸಾರ್ ಸಾರ್ ಅಂತ ಕುರ್ಚಿ ಕೊಟ್ಟು ಕೂರಿಸುತ್ತಾರೆ, ಬೈಕಿನ ನಂಬರು ನೋಡಿ ಉಪ್ಪುಂದಕ್ಕೆ ಬಂದು ಸೂರನ ಕಾಲರು ಹಿಡಿಯುತ್ತಾರೆ.

ರಾಜೀವ ಬೊಂಡ ಕೆತ್ತುತ್ತಾ ನಿಂತಿದ್ದ.

“ಆಗ್ಲೇ ಹೋದ್ರ್. ಹೋಪಾಗ ಮೂರ್ ಜನ ಇದ್ರ್.”

“ಮೂರಾ? ಮೂರ್ನೇದ್ ಯಾರ್?”

“ಮುಖ ಕಾಂಬುಕ್ ಆಯ್ಲಿಲ್ಲ. ಮಧ್ಯ ಕೂತಿತ್ತ್. ಎಂತದೋ ಮುಚ್ಕಂಡಿತ್ತ್, ಮಡಿಲಂಗ್ ದೊಡ್ಡ ಗಂಟ್ ಬೇರೆ.” ರಾಜೀವ ಕತ್ತಿ ಕೆಳಗಿಟ್ಟ. “ಹೆಲ್ಮೆಟ್ ಎಲ್ಲ ಮೊಣಕೈಯಂಗ್ ನೇತಾಡ್ತಾ ಇತ್ತ್. ರಾಂಗ್ ಸೈಡಂಗೆ ಹೋದ್ರ್ ಮಾರಾಯ, ಲಾರಿ ಎದ್ರಿಗೆ. ನಾನೂ ಹೆದ್ರ್‌ದೆ.”

“ನೀ ಎಂತಕ್ ತಡಿಲಿಲ್ಲ?”

“ನಾ ತಡುಕೆ ಅದ್ ನನ್ ಬೈಕಾ? ಬಾಡಿಗಿ ತಕಂಡದ್ ನೀನ್” ಅಂದ ರಾಜೀವ. ನಗುತ್ತಿದ್ದಾನೋ ಇಲ್ಲವೋ ಅಂತ ಗೊತ್ತಾಗದ ಮುಖ. ಬಾಡಿಗೆ ವಿಷಯ ಇವನಿಗೆ ಯಾರು ಹೇಳಿದ್ದು? ಇವನೇ ಠಾಣೆಗೆ ಒಂದು ಮಾತು ಹಾಕಿದರೆ? ಸೂರ ಅವನನ್ನೂ ಒಮ್ಮೆ ನೆಟ್ಟ ಕಣ್ಣಲ್ಲಿ ನೋಡಿ ಗಾಡಿ ಬಿಟ್ಟ.

ಕುಂದಾಪುರ ಬರುವಾಗ ಕಂಡದ್ದೇ ಬೇರೆ. ಫ್ಲೈಓವರಿಗೆ ಮೊದಲು ಸಿಗುವ ಪೆಟ್ರೋಲ್ ಬಂಕಿನ ಹಿಂದೆ ಮದುವೆ ಮನೆಯ ಹಾಗೆ ಬೈಕುಗಳು ಸೇರಿದ್ದವು. ಒಂದು ತಲೆಗೂ ಹೆಲ್ಮೆಟ್ಟಿಲ್ಲ. ಕಾಲೇಜು ಹುಡುಗರು, ಎರಡು ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡ ಒಬ್ಬ, ಬ್ಯಾಂಕಿನ ಚೀಲ ಹಿಡಿದ ಪಿಗ್ಮಿ ಕಲೆಕ್ಟರು.

“ಎಂತ ವಿಷ್ಯ?” ಸೂರ ಕೇಳಿದ.

“ದೊಡ್ಡ ಚೆಕಿಂಗ್ ಅಂಬ್ರ್” ಅಂದ ಪಿಗ್ಮಿಯವ. “ಜಿಲ್ಲೆಯಿಂದ ದೊಡ್ಡ ಸಾಹೇಬ್ರೇ ಬಂದಿರ್ ಅಂಬ್ರ್.”

“ಕಂಡವ್ರ್ ಯಾರ್?”

“ಕಾಂಬುದೆಂತ? ಫಾರಿನ್ನವ್ರೇ ಸನ್ನಿ ಮಾಡ್ ಹೋದ್ರ್. ಅವ್ರಿಗೂ ಗೊತ್ತಾಯ್ತ್ ಅಂದ್ಮೇಲೆ ಎಷ್ಟ್ ಜೋರ್ ಇಕ್ಕ್ ಕಾಣ್.”

ಸೂರನ ಕಿವಿ ನೆಟ್ಟಗಾಯಿತು. ಅವರೂ ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿದ್ದಾರೆ ಅಂದಹಾಗಾಯಿತು. ಇನ್ನು ಅನುಮಾನ ಎಂತದು? ಚೀಲ, ಮೂರನೆಯ ಮನುಷ್ಯ, ಮಡಿಲ ಗಂಟು, ಎಲ್ಲ ಒಂದಕ್ಕೊಂದು ಸರಿಯಾಗಿ ಕೂತವು. ಅವನು ಬಂಕಿನ ಹಿಂದೆ ನಿಲ್ಲಲಿಲ್ಲ. ಊರೊಳಗಿನ ಓಣಿಗಳಲ್ಲಿ ನುಗ್ಗಿ, ಒಬ್ಬ ಮುದುಕಿಯ ಬೈಗುಳ ತಿಂದು, ಕೋಟೇಶ್ವರಕ್ಕೆ ಬಂದು ಬಿದ್ದ.

ಅಲ್ಲಿ ಬಸ್ ನಿಲ್ಲುವ ಜಾಗದಲ್ಲಿ ಅಮ್ಮಣ್ಣಿ ಒಣಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಮರವಂತೆ ಕಡೆಯವಳು, ಸೂರನಿಗೆ ಬಂದರಿನ ಗುರುತು; ಒಂದೇ ವ್ಯಾಪಾರದವರಾದ ಕಾರಣ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿ ಅಷ್ಟಕ್ಕಷ್ಟೇ.

“ಹ್ವಾಯ್ ಅಮ್ಮಣ್ಣಕ್ಕ, ಇಬ್ರ್ ಬಿಳಿಯವ್ರ್ ಬೈಕಂಗ್ ಹೋದ್ದ್ ಕಂಡ್ಯಾ?”

“ಕಾಂಬುದೆಂತ, ಅವ್ರ್ ಒಟ್ಟಿಗೇ ಬಂದೆ. ಬಸ್ಸಿನವ ಬುಟ್ಟಿ ಕಂಡ್ ನಿಲ್ಸ್‌ಲಿಲ್ಲ. ಕೈ ಅಡ್ಡ ಹಾಕ್ದೆ, ಪಾಪ ನಿಲ್ಸಿದ್ರ್. ನಿನ್ ಬೈಕಾ ಅದ್? ಸೀಟ್ ಭಾರೀ ಗಟ್ಟಿ. ಸೊಂಟ ಹೋಯ್ತ್ ನಂದ್.”

ಸೂರ ಬುಟ್ಟಿ ನೋಡಿದ. ಮೂರನೆಯ ಮನುಷ್ಯ ಈ ಮುದುಕಿ. ಮಡಿಲ ಗಂಟು ಬಟ್ಟೆ ಸುತ್ತಿದ ಒಣಮೀನಿನ ಬುಟ್ಟಿ.

“ಜನ ಎಂಥವ್ರ್?” ಸಣ್ಣ ಸ್ವರದಲ್ಲಿ ಕೇಳಿದ.

“ಒಳ್ಳೆಯವ್ರೆ. ಮರ್ಯಾದಿ ಅಂದ್ರೆ ಅವ್ರಂದ್. ಎದ್ರಿಗ್ ಯಾರ್ ಬಂದ್ರೂ ಬಿಡೂದಿಲ್ಲೆ, ಹಣಿಗ್ ಕೈ ಇಟ್ಟ್ ನಮಸ್ಕಾರ ಮಾಡುದೇ. ನಂಗೂ ನಾಚ್ಕಿ ಆಯ್ತ್, ನಾನೂ ಮಾಡ್ತಾ ಬಂದೆ.” ಅಮ್ಮಣ್ಣಿ ಮಾಡಿ ತೋರಿಸಿದಳು. ಹಣೆಯ ಮೇಲೆ ಅಡ್ಡ ಕೈ.

ಸೂರನಿಗೆ ಬೆಳಿಗ್ಗೆಯದು ನೆನಪಾಯಿತು. ಕಾನೂನೆಲ್ಲ ಹೇಳಿ ಮುಗಿಸಿದ ಮೇಲೆ ಇದನ್ನೂ ಅವನೇ ಹೇಳಿಕೊಟ್ಟದ್ದು. ಎದುರಿನವ ಹೀಗೆ ಮಾಡಿದರೆ ಪೊಲೀಸ್, ನೋ ಗುಡ್, ಒಳದಾರಿಗೆ ಹೋಗು ಅಂತ. ಮೂರು ಸಲ ಹಣೆಗೆ ಕೈ ಇಟ್ಟು ತೋರಿಸಿದ್ದ. ಅವರೂ ನಗುತ್ತಾ ಮೂರು ಸಲ ತಿರುಗಿ ಮಾಡಿದ್ದರು. ಎಸ್ ಎಸ್ ಅಂದಿದ್ದರು. ಅವರು ತಿಳಿದುಕೊಂಡದ್ದು ಈ ಊರಿನ ಗಾಡಿಯವರು ಒಬ್ಬರಿಗೊಬ್ಬರು ಹೀಗೆ ವಂದನೆ ಮಾಡುತ್ತಾರೆ ಅಂತ. ಎದುರಿನವರು ಹೆದರಿ ಇನ್ನೊಬ್ಬರಿಗೆ ತೋರಿಸಿದರು, ಅವರು ಮತ್ತೊಬ್ಬರಿಗೆ. ಉಪ್ಪುಂದದಿಂದ ಕೋಟೇಶ್ವರದ ತನಕ ಒಬ್ಬ ಪೊಲೀಸಿನವನಿಲ್ಲದೆ ಊರಿಗೆ ಊರೇ ಬಂಕಿನ ಹಿಂದೆ ಅಡಗಿ ಕೂತಿತ್ತು.

ನಗು ಬಂತು. ನಗು ಅರ್ಧಕ್ಕೆ ನಿಂತು ಸಿಟ್ಟು ಬಂತು. ಅವರ ಮೇಲೋ ತನ್ನ ಮೇಲೋ ಅಂತ ನೋಡಲು ಪುರುಸೊತ್ತು ಇರಲಿಲ್ಲ.

“ಎಲ್ಲಿಗ್ ಹೋತ್ರ್ ಅಂದ್ರ್?”

“ಬಾರ್ಕೂರ್ ಎಲ್ಲಿ, ಬಾರ್ಕೂರ್ ಎಲ್ಲಿ ಅಂತ ಕೇಂಡ್ರ್. ಬ್ರಹ್ಮಾವರಕ್ ಹೋಯಿ ತಿರುಗ್ಕಣಿ ಅಂದೆ.”

ಬಾರ್ಕೂರು. ಅಲ್ಲಿ ರೈಲ್ವೆ ಸ್ಟೇಷನ್ ಇದೆ. ಸೂರನ ಅನುಮಾನ ಒಂದು ಕಾಲು ಮುರಿದುಕೊಂಡಿದ್ದರೂ ಇನ್ನೊಂದು ಕಾಲಲ್ಲಿ ಎದ್ದು ನಿಂತಿತು. ಬೈಕನ್ನು ಸ್ಟೇಷನ್ನಿನ ಎದುರು ಬಿಸಾಡಿ ಗೋವಾದ ರೈಲು ಹತ್ತುವ ಜನ ಇವರು. ಕೀ ಜೇಬಲ್ಲೇ ಒಯ್ದುಬಿಡುತ್ತಾರೆ. ಅನಾಥ ಗಾಡಿ ಅಂತ ರೈಲ್ವೆ ಪೊಲೀಸರು ಒಯ್ಯುತ್ತಾರೆ. ಆಮೇಲೆ ಬಿಡಿಸಿಕೊಳ್ಳುವಾಗ ಯಾರ ಕೈಗೆ ಕೊಟ್ಟಿದ್ದೆ ಅಂತ ಕೇಳದೆ ಇರುತ್ತಾರಾ?

ಅವನು ಸ್ಕೂಟರಿನ ಕಿವಿ ಹಿಂಡಿದ. ತೆಕ್ಕಟ್ಟೆ ಹೋಯಿತು, ಕೋಟ ಹೋಯಿತು. ಸಾಸ್ತಾನ ದಾಟಿದ ಮೇಲೆ ಎದುರಿನ ಹಾಲಿನ ಬೈಕಿನವ ಹಣೆಗೆ ಕೈ ಇಟ್ಟು ತೋರಿಸಿದ. ಸೂರ ಅವನಿಗೆ ಕೈ ಬೀಸಿದ, ಹೋಗು ಮಾರಾಯ ನಂಗೊತ್ತಿತ್ ಅನ್ನುವ ಹಾಗೆ. ಇನ್ನೊಬ್ಬ ತೋರಿಸಿದ. ಮೂರನೆಯವ ಲೈಟು ಮಿಣುಕಿಸಿ, ಗಾಡಿ ನಿಧಾನ ಮಾಡಿ, ಎರಡೆರಡು ಸಲ ತೋರಿಸಿದ. ಬಲಿಪಶುಗಳು, ನನ್ನ ಫಾರಿನ್ನವರಿಗೆ ಹೆದರಿ ಸಾಯುತ್ತಿವೆ ಅಂದುಕೊಂಡು ಸೂರ ಅದೇ ವೇಗದಲ್ಲಿ ಬ್ರಹ್ಮಾವರದ ಹತ್ತಿರ ಹೆದ್ದಾರಿಯ ತಿರುವು ತೆಗೆದ.

ತಿರುವಿನಾಚೆ ಬ್ಯಾರಿಕೇಡು ಇತ್ತು. ಪೊಲೀಸು ಜೀಪು ಇತ್ತು. ನಾಲ್ಕು ಜನ ನಿಂತಿದ್ದರು. ಅದರ ಪಕ್ಕ, ಆಲದ ನೆರಳಲ್ಲಿ, ಮುಂದಿನ ಚಕ್ರದಲ್ಲಿ ಮರಳು ಒಣಗಿ ಅಂಟಿದ್ದ ಅವನ ಬೈಕೂ ಇತ್ತು.

ಪೇದೆ ಸ್ಕೂಟರಿನ ಕೀ ಕಿತ್ತುಕೊಂಡ. ಸೂರ ಅದನ್ನು ಗಮನಿಸಲೂ ಇಲ್ಲ. ಉದ್ದದವ ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಏನೋ ಕಾಗದ ತೋರಿಸುತ್ತಿದ್ದ. ಚೀಲದ ಬಾಯಿ ತೆರೆದಿತ್ತು. ಒಳಗೆ ಒಂದು ಟವೆಲು, ನೀರಿನ ಬಾಟ್ಲಿ, ಬಾರ್ಕೂರಿನ ಹಳೆ ಬಸದಿಯ ಚಿತ್ರವಿದ್ದ ಪುಸ್ತಕ. ಬೇರೆ ಎಂತದೂ ಇರಲಿಲ್ಲ.

ಎಸ್‌ಐ ಹೆಂಗಸು. ಎದೆಯ ಮೇಲೆ ಯಾಮಿನಿ ಅಂತ ಹೆಸರಿತ್ತು. ಸ್ವರ ಎತ್ತದೆ ಮಾತಾಡುವವಳು. ಅಂಥವರನ್ನು ಕಂಡರೆ ಸೂರನಿಗೆ ಕೂಗುವವರಿಗಿಂತ ಹೆಚ್ಚು ಹೆದರಿಕೆ. ಸುಟ್ಟ ಮೂಗಿನ ಹೆಂಗಸು ಅವನನ್ನು ಕಂಡು ಮುಖ ಅರಳಿಸಿ, “ಸೂರ!” ಅಂತ ಕೂಗಿ ಕೈ ಬೀಸಿದಳು.

ಯಾಮಿನಿ ತಿರುಗಿ ನೋಡಿದಳು. “ನೀವಾ ಸೂರ? ಗಾಡಿ ನಿಮ್ಮದಾ?”

ಅಲ್ಲ ಅಂದರೆ ಕದ್ದ ಗಾಡಿ ಅಂತ ಆಗುತ್ತದೆ, ಠಾಣೆಗೆ. ಹೌದು ಅಂದರೆ ಮುಂದಿನ ಪ್ರಶ್ನೆ ಬರುತ್ತದೆ.

“ಹೌದು ಮೇಡಂ. ಫ್ರೆಂಡ್ಸ್ ಅವರು. ತಿರುಗಾಡ್ಲಿಕ್ಕೆ ಕೊಟ್ಟದ್ದು.”

“ಫ್ರೆಂಡ್ಸಾ. ಒಳ್ಳೇದು.” ಅವಳು ಉದ್ದದವನ ಪಾಸ್‌ಪೋರ್ಟನ್ನು ಮುಚ್ಚಿ ಕೈಯಲ್ಲಿ ಹಿಡಿದಳು. “ಇವರ ಹೆಸರೇನು?”

ಸೂರ ಬಾಯಿ ತೆರೆದ. ರತ್ನಾಕರ ಹೇಳಿದ್ದನೋ ಇಲ್ಲವೋ, ನೆನಪಿಲ್ಲ. ಇವನು ಕೇಳಲೇ ಇಲ್ಲ. ಬೈಕಿನ ಟಯರು ನೋಡಿಕೊಂಡ, ಕನ್ನಡಿ ನೋಡಿಕೊಂಡ, ಅವರ ಕೈ ಕಾಲು ಚೀಲ ಎಲ್ಲ ಅಳೆದ. ಹೆಸರು ಬೇಕು ಅಂತ ಹೊಳೆಯಲೇ ಇಲ್ಲ.

“ಜಾನ್” ಅಂದ.

“ಇವರದ್ದು?” ಹೆಂಗಸಿನ ಕಡೆ ತೋರಿಸಿದಳು.

“ಮೇರಿ.”

ಹಿಂದೆ ನಿಂತ ಪೇದೆ ಕೆಮ್ಮಿದ. ಯಾಮಿನಿ ನಗಲಿಲ್ಲ. ಅವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು. ಅವರ ಉತ್ತರ ಸೂರನಿಗೂ ಅರ್ಥವಾಗುವಷ್ಟು ಸಲೀಸಾಗಿತ್ತು. ಉದ್ದದವ ಬಹಳ ಖುಷಿಯಿಂದ ಹೇಳಿದ: ಸೂರ, ಉಪ್ಪುಂದ, ಮೀನಿನ ವ್ಯಾಪಾರ, ಅಕ್ಕ ಗೋಮತಿ ಚಾ ಕೊಟ್ಟಳು, ಬಹಳ ಒಳ್ಳೆಯ ಜನ. ಬೈಕು ಬಾಡಿಗೆಗೆ. ಒಂದು ದಿನಕ್ಕೆ. ಎಲ್ಲ ಸರಿಯಾಗಿದೆ ಅನ್ನುವ ಹಾಗೆ ಹೆಬ್ಬೆರಳು ಎತ್ತಿದ.

ಬೆಳಿಗ್ಗೆ ಹೇಳಿದ ಒಂದು ಕಾನೂನನ್ನೂ ಉಳಿಸದೆ ಮುರಿದ ಮಕ್ಕಳು, ಸುಳ್ಳು ಹೇಳಬಾರದು ಅನ್ನುವ ಕಾನೂನನ್ನು ಮಾತ್ರ ಬ್ಯಾರಿಕೇಡಿನ ಎದುರು ನಿಂತು ಪಾಲಿಸಿದರು.

“ರತ್ನಾಕರನಿಗೆ ಒಂದು ಫೋನು ಮಾಡಿ ಮೇಡಂ, ಹೋಂಸ್ಟೇಯವ, ಅವನೇ ಕಳಿಸಿದ್ದು” ಅಂದ ಸೂರ. ಮಾಡಿದಳು. ಸ್ವಿಚ್ ಆಫ್. ಅಷ್ಟು ಹೊತ್ತು ಎಲ್ಲರನ್ನೂ ಅನುಮಾನಿಸಿದವ ಆ ಒಬ್ಬನನ್ನು ಬಿಟ್ಟುಬಿಟ್ಟಿದ್ದ.

“ಮೇಡಂ, ಮೀನು ಮಾರೂದು ಅದರಲ್ಲೇ. ದಂಡ ಹಾಕಿ, ಗಾಡಿ ಬಿಡಿ.”

“ಇವರು ಯಾರಿಗಾದರೂ ಗುದ್ದಿದ್ದರೆ ಇನ್ಶೂರೆನ್ಸಿನವ ಒಂದು ಪೈಸೆ ಕೊಡ್ತಿರಲಿಲ್ಲ. ನೀವು ಕೊಡ್ತಿದ್ರಾ?” ಅಂದಳು ಯಾಮಿನಿ. ಅವಳು ಹೇಳಿದ್ದು ನಿಜವಾದ ಕಾರಣ ಸೂರನ ಸಿಟ್ಟು ಇನ್ನೂ ಏರಿತು.

ಫಾರಿನ್ನವರಿಗೆ ಹೆಲ್ಮೆಟ್ಟಿನ ದಂಡ ಬಿತ್ತು. ಕೊಟ್ಟು, ರಶೀದಿಯ ಜೊತೆ ಫೋಟೋ ತೆಗೆಸಿಕೊಂಡರು. ಎಲ್ಲರೂ ಬರಿತಲೆಯಲ್ಲೇ ಹೋಗುತ್ತಿದ್ದರು, ಆದ್ದರಿಂದ ನಾವೂ ತೆಗೆದೆವು ಅಂತ ಹೆಂಗಸು ಯಾಮಿನಿಗೆ ವಿವರಿಸಿದಳು. ಒಬ್ಬ ಪೇದೆ ಬಾರ್ಕೂರಿನ ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಕೈ ಹಿಡಿದು ತೋರಿಸಿದ. ಹೊರಡುವಾಗ ಅವಳು ಸೂರನ ಹತ್ತಿರ ಬಂದು ಸಾರಿ ಅಂದಳು, ಏನು ತಪ್ಪಾಯಿತು ಅಂತ ಪೂರ್ತಿ ತಿಳಿಯದವರ ಸಾರಿ. ಸೂರ ಅವಳ ಕಣ್ಣನ್ನೇ ನೋಡಿದ. ಅದರಲ್ಲೂ ಏನಾದರೂ ಅಡಗಿದೆಯಾ ಅಂತ ಹುಡುಕಿದ. ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು.

ಹಿಡಿದ ಗಾಡಿಯನ್ನು ಠಾಣೆಗೆ ಮುಟ್ಟಿಸುವ ಕೆಲಸವೂ ಗಾಡಿಯವನದ್ದೇ; ಅದು ಅವರ ಪದ್ಧತಿ. ಗೋಮತಿಯ ಸ್ಕೂಟರು ದಂಡ ಕಟ್ಟಿಸಿಕೊಂಡು ಆಲದ ಬುಡದಲ್ಲಿ ಉಳಿಯಿತು. ಸೂರ ತನ್ನ ಬೈಕಿಗೆ ಹತ್ತಿದ. ಕಿಕ್ ಹೊಡೆದರೆ ಒಂದೇ ಏಟಿಗೆ ಶುರುವಾಯಿತು. ಚೈನಿನಲ್ಲಿ ಮರಳು ಕರಕರ ಅಂತಿತ್ತು. ಹೆಲ್ಮೆಟ್ಟು ಹಾಕಿ ಪಟ್ಟಿ ಬಿಗಿದ. ಪೇದೆ ಹಿಂದೆ ಕೂತ, ಇನ್ನೊಂದು ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು.

“ಅದನ್ನ ತಲೆಗೆ ಹಾಕಿ ಸರ್.”

“ನೀ ನಡಿ ಮಾರಾಯ, ಇಲ್ಲೇ ಇರೂದು ಸ್ಟೇಷನ್.”

“ಹಾಕಿ ಸರ್” ಅಂದ ಸೂರ. ಗಾಡಿ ಮುಂದೆ ಹೋಗಲಿಲ್ಲ. ಪೇದೆ ಗೊಣಗುತ್ತಾ ಹಾಕಿಕೊಂಡ.

ಠಾಣೆ ಇದ್ದದ್ದು ಬಂದ ದಾರಿಯಲ್ಲೇ ಹಿಂದಕ್ಕೆ, ರಸ್ತೆಯ ಆಚೆ ಬದಿಗೆ. ಹೆದ್ದಾರಿಯ ನಡುವಿನ ಗೋಡೆ ತೆರೆಯುವ ಜಾಗ ಮುಂದೆ ಬಹಳ ದೂರ.

“ಇಲ್ಲೇ ತಿರುಗ್ಸಿ ರಾಂಗ್ ಸೈಡಲ್ಲಿ ಹೋಗುವಾ” ಅಂದ ಪೇದೆ. “ಎಲ್ಲ ಹಾಗೇ ಹೋಗೂದು. ಅಷ್ಟ್ ದೂರ ಯಾರು ಸುತ್ತುತ್ತಾರೆ?”

ಸೂರ ಬಲದ ಇಂಡಿಕೇಟರು ಹಾಕಿ, ಹಿಂದೆ ನೋಡಿ, ರಸ್ತೆಗೆ ಇಳಿದು, ತೆಂಕು ಮುಖವಾಗಿಯೇ ಹೊರಟ. ಬಸ್ಸುಗಳು ಹಾರ್ನ್ ಹೊಡೆದು ದಾಟಿದವು, ಅಟೋಗಳು ದಾಟಿದವು, ಒಬ್ಬ ಸೈಕಲಿನವನೂ ದಾಟುವ ಹಾಗೆ ಕಂಡ. ಪೇದೆ ಬೆನ್ನಿಗೆ ತಿವಿದ. “ಹ್ವಾಯ್, ಇದೆಂತ ಹೆಣ ಹೊತ್ಕೊಂಡ ಹಾಗೆ ಹೋಗೂದು?”

“ಕಾನೂನು ಸರ್” ಅಂದ ಸೂರ. ಮುಷ್ಟಿಯೊಳಗೆ ಆಕ್ಸಿಲರೇಟರು ಬೆಚ್ಚಗಿತ್ತು. ತಿರುಗುವ ಜಾಗದ ತನಕ ಬೈಕು ಅವನದ್ದೇ. ಅಲ್ಲಿಂದ ಠಾಣೆಯ ಗೇಟಿನ ತನಕವೂ ಅವನದ್ದೇ. ಅವನು ಗೇರು ಬದಲಿಸಲಿಲ್ಲ.